ಬಟ್ಟಲಿನಲ್ಲಿ ಕರಗುವವರೆಗೆ

ಹಾಡಿನ ಪುಸ್ತಕಗಳನ್ನು ಜೋಡಿಸುವ ಕೆಲಸವನ್ನು ಒಡೀಲ್‌ಗೆ ಯಾರೂ ವಹಿಸಿರಲಿಲ್ಲ. ಸೋಮವಾರ ಬೆಳಿಗ್ಗೆ ಚರ್ಚಿನ ಪಕ್ಕದ ಬಾಗಿಲನ್ನು ತನ್ನ ಕೀಲಿಯಿಂದ ತೆರೆದು, ದೀಪ ಹಾಕದೆ, ಬಣ್ಣದ ಗಾಜಿನಿಂದ ಇಳಿದ ಬೆಳಕಿನಲ್ಲೇ ಬೆಂಚಿನಿಂದ ಬೆಂಚಿಗೆ ಸರಿಯುತ್ತ, ಭಾನುವಾರದ ಜನ ಅಡ್ಡಾದಿಡ್ಡಿ ತುರುಕಿಹೋದ ಪುಸ್ತಕಗಳನ್ನು ನೆಟ್ಟಗೆ ನಿಲ್ಲಿಸುವುದು ಅವಳಿಗೊಂದು ಸಮಾಧಾನ. ಪುಟಗಳ ನಡುವೆ ಮಿಠಾಯಿಯ ಕಾಗದ, ಕೂದಲ ಪಿನ್ನು, ಮಕ್ಕಳು ಗೀಚಿದ ದೋಣಿ, ಮೀನು ಸಿಗುತ್ತಿದ್ದವು. ಅವುಗಳಿಂದಲೇ ಯಾರು ಎಲ್ಲಿ ಕೂತಿದ್ದರು, ಯಾರ ಗಮನ ಎಲ್ಲಿತ್ತು ಎಂದು ಅವಳು ಹೇಳಬಲ್ಲಳು. ಆದರೆ ಈ ಸೋಮವಾರ ಕೊನೆಯ ಬೆಂಚಿಗೆ ಬಂದಾಗ ಅವಳ ಕೈ ತಾನಾಗಿ ನಿಂತಿತು. ಹೋದ ವಾರ ಇದೇ ಬೆಂಚಿನ ಪುಸ್ತಕವೊಂದರಲ್ಲಿ ಪರಮಪ್ರಸಾದ, ಪೂಜೆಯಲ್ಲಿ ಪ್ರಭುವಿನ ದೇಹವೆಂದು ತಿನ್ನಲು ಕೊಡುವ ರೊಟ್ಟಿಬಿಲ್ಲೆ, ಸಿಕ್ಕಿತ್ತು. ಯಾರೋ ಗುರುಗಳಿಂದ ಅಂಗೈಯಲ್ಲಿ ಪಡೆದು, ಬಾಯಿಗೆ ಹಾಕಿದಂತೆ ನಟಿಸಿ, ಇಲ್ಲಿ ಅಡಗಿಸಿಟ್ಟಿದ್ದರು. ಇರಲಾರದು, ಎರಡನೆಯ ಸಲ ಯಾರೂ ಅಷ್ಟು ಧೈರ್ಯ ಮಾಡಲಾರರು ಎಂದುಕೊಳ್ಳುತ್ತಲೇ ಪುಸ್ತಕ ಬಿಡಿಸಿದಳು. ಇತ್ತು. ತೆಳ್ಳನೆಯ ಬಿಳಿ ಬಿಲ್ಲೆ, ಅಂಚಿನಲ್ಲಿ ಸ್ವಲ್ಪ ಬೂದುಬಣ್ಣದ ಕಲೆ.

ಅವಳು ಮೊಣಕಾಲೂರಿದಳು. ಕೀಲುಗಳು ನೋಯುವ ಮೊದಲೇ ಎದ್ದಳು. ಏಳುವಾಗ ತನ್ನೊಳಗೆ ಹೋದ ವಾರ ಇದ್ದ ದುಃಖ ಈಗ ಇಲ್ಲ, ಅದರ ಜಾಗದಲ್ಲಿ ಬೇರೇನೋ ಇದೆ ಎಂಬುದನ್ನು ಗಮನಿಸಿ ನಾಚಿದಳು. ಅದು ಹುರುಪಿನಂತೆಯೇ ಇತ್ತು. ಬಲಿಪೀಠದ ಹಿಂದಿನ ಕೋಣೆಗೆ ಎರಡೂ ಕೈಯಲ್ಲಿ ಹಿಡಿದು ಒಯ್ದು, ಮುಚ್ಚಳದ ಗಾಜಿನ ಬಟ್ಟಲಿಗೆ ನೀರು ತುಂಬಿ, ಅದರಲ್ಲಿ ಇಳಿಬಿಟ್ಟಳು. ಕ್ರಮ ಅದೇ. ರೊಟ್ಟಿಯ ರೂಪ ಉಳಿದಿರುವವರೆಗೆ ಪ್ರಭು ಅಲ್ಲಿದ್ದಾನೆ. ನೀರಿನಲ್ಲಿ ಕರಗಿ ರೂಪ ಹೋದಮೇಲೆ ಇಲ್ಲ. ಆಗ ಆ ನೀರನ್ನು ಊರಿನ ಚರಂಡಿಗಲ್ಲ, ನೇರ ಮಣ್ಣಿಗಿಳಿಯುವ ಪುಟ್ಟ ತೊಟ್ಟಿಗೆ ಸುರಿಯಬೇಕು. ಮಂಗಳವಾರದ ತರಗತಿಯಲ್ಲಿ ಅವಳು ಇದನ್ನೆಲ್ಲ ಹೇಳಿಕೊಡುತ್ತಿದ್ದಳು. ದೊಡ್ಡವರಾದಮೇಲೆ ಕಥೋಲಿಕರಾಗಬೇಕೆಂದು ಬರುವವರಿಗೆ ಇಡೀ ಧರ್ಮಕೇಂದ್ರದಲ್ಲಿ ಅವಳಷ್ಟು ಬಿಡಿಸಿ ಹೇಳುವವರಿರಲಿಲ್ಲ. ಬಟ್ಟಲಿನ ತಳದಲ್ಲಿ ಬಿಲ್ಲೆ ಮೆಲ್ಲಗೆ ಉಬ್ಬತೊಡಗಿತು. ಬೂದು ಕಲೆ ಮಾತ್ರ ಕದಲಲಿಲ್ಲ. ಶಾಯಿ, ಎಂದುಕೊಂಡಳು. ಪೆನ್ನು ಕೈಯಿಂದ ಬಿಡದವನ ಬೆರಳಿನ ಶಾಯಿ.

ಪೆನ್ನು ಕೈಯಿಂದ ಬಿಡದವನು ಗ್ಯಾರೆಟ್ ಪ್ರೂಇಟ್. ಬ್ಯಾಪ್ಟಿಸ್ಟ್ ಪಂಗಡದವರ ಮನೆಯಲ್ಲಿ ಹುಟ್ಟಿ, ಈ ಊರಿನ ಹುಡುಗಿಯನ್ನು ಮದುವೆಯಾಗಿ, ಬರುವ ಈಸ್ಟರಿನ ಜಾಗರಣೆಯಲ್ಲಿ ಕಥೋಲಿಕ ಸಭೆಗೆ ಸೇರಬೇಕಾದವನು. ಅವನದು ವಿಮೆ ಕಂಪನಿಯ ಕೆಲಸ. ಬಿರುಗಾಳಿಗೆ ಹಾರಿಹೋದ ಮನೆಯ ಮಾಡುಗಳನ್ನು ನೋಡಲು ಹೋಗಿ, ಇದು ನಿಜವಾಗಿ ಗಾಳಿಗೇ ಹೋದದ್ದೋ ಮೊದಲೇ ಕೊಳೆತಿತ್ತೋ ಎಂದು ತೀರ್ಮಾನಿಸುವವನು. ತರಗತಿಯಲ್ಲೂ ಹಾಗೆಯೇ ಕೂರುತ್ತಿದ್ದ, ಸಭೆಯ ಎರಡು ಸಾವಿರ ವರ್ಷದ ಮಾಡನ್ನು ಏಣಿ ಹಾಕಿ ನೋಡುವವನ ಹಾಗೆ. "ಅಲ್ಲ ಮಿಸ್ ಒಡೀಲ್, ಮರಿಯಮ್ಮನ ಹತ್ರ ಬೇಡ್ಕೊಳ್ಳೋದ್ಯಾಕೆ? ನೇರ ಮಗನ ಹತ್ರಾನೇ ಕೇಳಬಾರದಾ?" ಎಂದಿದ್ದ ಮೊದಲ ವಾರವೇ. "ನಿಮ್ಮ ಹೆಂಡ್ತಿ ಆಸ್ಪತ್ರೇಲಿದ್ದಾಗ ಪ್ರಾರ್ಥನೆ ಮಾಡಿ ಅಂತ ನನ್ನ ಕೇಳಿದ್ರಲ್ಲ ಗ್ಯಾರೆಟ್, ಆಗ ನೇರ ಕೇಳೋದು ನೆನಪಾಗ್ಲಿಲ್ವಾ?" ಎಂದಿದ್ದಳು ಇವಳು. ಎಲ್ಲರೂ ನಕ್ಕಿದ್ದರು. ಅವನೂ ನಕ್ಕು, "ಸರಿ, ಇದನ್ನ ಪಾಸು ಮಾಡ್ಬಹುದು" ಎಂದು ಏನೋ ಗೀಚಿಕೊಂಡಿದ್ದ. ಆ ನಗುವಿನಲ್ಲಿ ನಂಬಿಕೆ ಎಷ್ಟು, ತಮಾಷೆ ಎಷ್ಟು ಎಂದು ಅವಳಿಗೆ ಅಂದಿನಿಂದ ಸಂಶಯ. ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲದ ಮೊದಲ ಭಾನುವಾರ, ಇನ್ನೂ ಸಭೆ ಸೇರದವರು ಪ್ರಸಾದದ ಸಾಲಿನಲ್ಲಿ ಬಂದರೆ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ ಬರೀ ಆಶೀರ್ವಾದ ಪಡೆಯಬೇಕೆಂದು ಅಷ್ಟು ಹೇಳಿದ್ದರೂ, ಅವನು ಅಂಗೈ ಚಾಚಿಬಿಟ್ಟಿದ್ದ. ಇವಳು ಹಿಂದಿನಿಂದ ಹೋಗಿ, ಎಲ್ಲರೆದುರಿಗೆ, ಅವನ ಎರಡೂ ಮಣಿಕಟ್ಟು ಹಿಡಿದು ಮಗುವಿಗೆ ಮಡಿಸುವಂತೆ ಎದೆಗೆ ಮಡಿಸಿದ್ದಳು. ಅವನ ಕಿವಿ ಕೆಂಪಾಗಿತ್ತು. ಅವಮಾನವಾದವನು ಸುಮ್ಮನಿರುತ್ತಾನೆಯೇ? ಇಷ್ಟು ದೊಡ್ಡ ಮಾತಾಡುತ್ತಾರಲ್ಲ, ಇದು ನಿಜವಾಗಿ ಏನು, ತಂದು ಬೆಳಕಿಗೆ ಹಿಡಿದು ನೋಡೋಣ ಎಂದು ಅನ್ನಿಸಿರಲಾರದೇ? ಕೊನೆಯ ಬೆಂಚಿನಲ್ಲಿ ಕೂರುವವನೂ ಅವನೇ. ಅವನ ಪಕ್ಕ ಇರುವವನು ಕ್ಲೋವಿಸ್ ಒಬ್ಬ.

ಕ್ಲೋವಿಸ್ ಅವಳ ಗಂಡ. ಭಾನುವಾರ ಕಾಣಿಕೆ ಬುಟ್ಟಿ ಹಿಡಿಯುವುದು, ಪ್ರಸಾದಕ್ಕೆ ಬೆಂಚು ಬೆಂಚಾಗಿ ಜನರನ್ನು ಎಬ್ಬಿಸಿ ಸಾಲಿಗೆ ಬಿಡುವುದು, ಕೊನೆಗೆ ತಾನು ಹೋಗಿ ಪಡೆದು ಹಿಂದೆ ಬಂದು ಕೂರುವುದು ಅವನ ಕೆಲಸ. ಮಂಗಳವಾರ ತರಗತಿಯ ಹಿಂದೆ ನಿಂತು ಕಾಫಿ ಕಾಯಿಸುವವನೂ ಅವನೇ. ಮಾತು ಕಡಿಮೆ. ಸತ್ತವರ ಆತ್ಮ ಸ್ವರ್ಗ ಸೇರುವ ಮೊದಲು ತೊಳೆದು ಶುದ್ಧವಾಗುವ ಶುದ್ಧಿಸ್ಥಳದ ಪಾಠದ ದಿನ ಅವನ ಕೈಯಿಂದ ಪಿಂಗಾಣಿ ಕಪ್ಪೊಂದು ಜಾರಿ ಚೂರುಚೂರಾಗಿತ್ತು. ಅದೂ ಈಗ ಅವಳಿಗೆ ಗ್ಯಾರೆಟ್‌ನ ತಪ್ಪಿನ ಹಾಗೇ ನೆನಪಾಯಿತು, ಯಾಕೆಂದರೆ ಪ್ರಶ್ನೆ ಕೇಳಿದ್ದು ಅವನು. ಅವಳು ಪ್ರತಿವರ್ಷದ ಉದಾಹರಣೆ ಕೊಟ್ಟಿದ್ದಳು: ಮದುವೆಯ ಊಟಕ್ಕೆ ಕರೆ ಬಂದಿದೆ, ನೀವು ಹೋಗುವುದು ಖಂಡಿತ, ಆದರೆ ಅಂಗಿಯಲ್ಲಿ ಕಲೆ ಇದೆ; ಬಾಗಿಲಲ್ಲೇ ತೊಳೆದು ಒಳಗೆ ಬಿಡುತ್ತಾರೆ; ಅದು ಶಿಕ್ಷೆಯಲ್ಲ, ಮರ್ಯಾದೆ. "ಒಗೆಯೋವಾಗ ಅಂಗಿಗೆ ನೋವಾಗುತ್ತಾ ಮಿಸ್ ಒಡೀಲ್?" ಎಂದ ಗ್ಯಾರೆಟ್. ಆಗಲೇ ಹಿಂದೆ ಕಪ್ಪು ಬಿದ್ದದ್ದು. "ಸ್ವಲ್ಪ ನೋಡ್ಕೊಂಡು ಕ್ಲೋವಿಸ್! ಅದೇನು ನೀನು ರಿಪೇರಿ ಮಾಡೋ ಬೋಟಿನ ಮೋಟರಾ ಹಂಗೆ ಹಿಡಿಯೋಕೆ?" ಎಂದಿದ್ದಳು, ತರಗತಿ ನಕ್ಕಿತ್ತು, ಅವನು ಬಗ್ಗಿ ಒಂದೊಂದೇ ಚೂರು ಹೆಕ್ಕುತ್ತಿದ್ದ. ಅವನ ಬೋಳುತಲೆ ಮೇಜಿನ ಅಂಚಿನ ಕೆಳಗೆ ಮುಳುಗುವುದನ್ನು ನೋಡುತ್ತ ಅವಳು ಉತ್ತರ ಮುಂದುವರಿಸಿದ್ದಳು.

ಫಾದರ್ ತ್ವಾನ್ ಬಟ್ಟಲನ್ನು ಬಹಳ ಹೊತ್ತು ನೋಡಿದರು. ವಿಯೆಟ್ನಾಮಿನಿಂದ ದೋಣಿಯಲ್ಲಿ ಬಂದವರ ಮಗ, ಈ ಕೆಸರುಕಾಲುವೆಯ ಊರಲ್ಲೇ ಸೀಗಡಿ ಹಿಡಿಯುತ್ತ ಬೆಳೆದವರು. ಅವರಿಗೆ ಯಾವುದಕ್ಕೂ ಆತುರವಿಲ್ಲ.

"ಗ್ಯಾರೆಟ್ ಇಟ್ಟಿದ್ದನ್ನ ನೀವು ಕಣ್ಣಾರೆ ನೋಡಿದ್ರಾ, ಮಿಸ್ ಒಡೀಲ್?"

"ನೋಡ್ಲೇಬೇಕಾ ಫಾದರ್? ಇನ್ನ್ಯಾರು ಮಾಡ್ತಾರೆ? ಹುಟ್ಟಾ ಕಥೋಲಿಕರು ಯಾರಾದ್ರೂ ಇಂಥದ್ದಕ್ಕೆ ಕೈ ಹಾಕ್ತಾರಾ?"

"ನಾನಂತೂ ಅವನಿಗೆ ಕೊಟ್ಟ ನೆನಪಿಲ್ಲ."

"ನಿಮ್ಮದು ಒಂದು ಸಾಲು. ಇನ್ನೊಂದು ಸಾಲಲ್ಲಿ ವರ್ಲೀ ಕೊಡ್ತಾಳೆ. ಅವಳಿಗೆ ಕನ್ನಡಕ ಹಾಕ್ಕೊಂಡ್ರೆ ಚಂದ ಕಾಣಲ್ಲ ಅಂತ ಹಾಕ್ಕೊಳಲ್ಲ. ಬೆಕ್ಕು ಬಂದು ಕೈ ಚಾಚಿದ್ರೂ ಕೊಟ್ಟುಬಿಡ್ತಾಳೆ."

ಫಾದರ್ ನಗಲಿಲ್ಲ. ಅವಳೇ ಮುಂದುವರಿದಳು: ಈಸ್ಟರಿಗೆ ಅವನನ್ನು ಸೇರಿಸಿಕೊಳ್ಳುವುದು ಬೇಡ, ಒಂದು ವರ್ಷ ಕಾಯಲಿ, ಪರಮಪ್ರಸಾದ ಏನೆಂದು ನಂಬದವನಿಗೆ ಕೊಡುವುದು ಅವನಿಗೇ ಕೇಡು. ಹೇಳುತ್ತ ಹೇಳುತ್ತ ಅವಳ ದನಿ ಪಾಠದ ದನಿಯಾಯಿತು. ಪ್ರತಿ ವಾಕ್ಯವೂ ಸರಿಯಾಗಿತ್ತು. ಫಾದರ್ ಅವನನ್ನು ಕರೆದು ಏನು ಕೇಳಿದರೋ, ಮಂಗಳವಾರ ಗ್ಯಾರೆಟ್ ತರಗತಿಗೆ ಬರಲಿಲ್ಲ. ಭಾನುವಾರ ಬಲಿಪೂಜೆಗೂ ಬರಲಿಲ್ಲ. ಅವನ ಹೆಂಡತಿ ಒಬ್ಬಳೇ ಬಂದು, ಒಡೀಲ್ ನಕ್ಕಾಗ ತಲೆ ತಿರುಗಿಸಿ ಹೋದಳು. "ಏನೇ, ನಿನ್ನ ಜಾಣ ಶಿಷ್ಯ ಎಲ್ಲೇ?" ಎಂದಳು ವರ್ಲೀ ಮೆಟ್ಟಿಲ ಮೇಲೆ. "ತಪ್ಪು ಮಾಡಿದೋನು ಮುಖ ತೋರಿಸಲ್ಲ" ಎಂದಳು ಒಡೀಲ್. ಅಂದದ್ದು ಬಾಯಿಂದ ಹೊರಗೆ ಬಿದ್ದಮೇಲೆ ಅದರ ಗಾತ್ರ ಕಂಡಿತು. ವರ್ಲೀಗೆ ಹೇಳಿದರೆ ಊರಿಗೆ ಹೇಳಿದ ಹಾಗೆ.

ಅದಕ್ಕೇ ಮರುದಿನ, ಕೊನೆಯ ಬೆಂಚಿನ ಪುಸ್ತಕದಲ್ಲಿ ಮತ್ತೆ ಬಿಳಿ ಬಿಲ್ಲೆ ಕಂಡಾಗ, ಅವಳು ಮೊಣಕಾಲೂರುವುದನ್ನೂ ಮರೆತು ನಿಂತಳು. ಗ್ಯಾರೆಟ್ ಬಂದಿರಲೇ ಇಲ್ಲ. ಯಾರಾದರೂ ಅವನಿಗಾಗಿ ಇಟ್ಟಿರಬಹುದೇ, ಅವನ ಹೆಂಡತಿ, ಹೊಟ್ಟೆಯುರಿಯಿಂದ? ಮನಸ್ಸು ಇನ್ನೂ ಅದೇ ಜಾಡಿನಲ್ಲಿ ಓಡಲು ನೋಡುತ್ತಿತ್ತು. ಪುಟದ ಅಂಚಿನಲ್ಲಿ ಹೆಬ್ಬೆರಳಿನ ಗುರುತಿತ್ತು. ಶಾಯಿಯಲ್ಲ. ಎಷ್ಟು ಸೋಪು ಹಾಕಿದರೂ ಹೋಗದ ಎಂಜಿನ್ ಗ್ರೀಸು, ಅದರ ನಡುವೆ ಓರೆಯಾಗಿ ಒಂದು ಬಿಳಿ ಗೆರೆ, ಎಂದೋ ದೋಣಿಯ ಪ್ರೊಪೆಲರ್ ಕೊಯ್ದ ಗಾಯದ್ದು. ಆ ಹೆಬ್ಬೆರಳನ್ನು ಅವಳು ಮೇಜುಬಟ್ಟೆಯ ಮೇಲೆ, ಫ್ರಿಜ್ಜಿನ ಬಾಗಿಲ ಮೇಲೆ, ತನ್ನ ಬಿಳಿ ರವಿಕೆಯ ಭುಜದ ಮೇಲೆ ಇಡೀ ಸಂಸಾರದುದ್ದಕ್ಕೂ ಬೈಯುತ್ತ ಒರೆಸಿದ್ದಳು. ಬೆಂಚಿನ ಮೇಲೆ ಕೂತಳು. ಬಣ್ಣದ ಗಾಜಿನ ಸಂತನೊಬ್ಬ ಅವಳ ಮಡಿಲಿನ ಮೇಲೆ ಹಸಿರು, ಕೆಂಪು ಚೆಲ್ಲಿದ್ದ. ಆ ಬಣ್ಣಗಳು ಮಡಿಲಿನಿಂದ ಜಾರಿದಮೇಲೆಯೇ ಅವಳು ಬಟ್ಟಲನ್ನು ತರಲು ಎದ್ದದ್ದು.

ಕ್ಲೋವಿಸ್ ಕಾರು ನಿಲ್ಲಿಸುವ ಚಪ್ಪರದಡಿ ಯಾರದ್ದೋ ಬೋಟಿನ ಮೋಟರನ್ನು ಬಿಚ್ಚಿಟ್ಟುಕೊಂಡು ಕೂತಿದ್ದ. ಅವಳು ಎದುರಿಗೆ ನಿಂತರೂ ತಲೆಯೆತ್ತಲಿಲ್ಲ.

"ಪುಸ್ತಕದಲ್ಲಿ ಇಟ್ಟಿದ್ದು ನೀನಾ?"

"ಹೂಂ."

ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದು ಅವಳಿಗೆ ಹೆಚ್ಚು ಕೋಪ ತರಿಸಿತು. "ಅದು ಏನು ಅಂತ ಗೊತ್ತಾ ನಿನಗೆ? ಅದನ್ನ ಹಂಗೆ ಎಲ್ಲೆಲ್ಲೋ ಇಡೋದು ಎಷ್ಟು ದೊಡ್ಡ ಪಾಪ ಗೊತ್ತಾ?"

"ಗೊತ್ತು. ಜೇಬಲ್ಲಿ ಇಟ್ಕೊಂಡು ನಡೆಯೋಕೆ ಧೈರ್ಯ ಬರ್ಲಿಲ್ಲ. ಪುಸ್ತಕದಲ್ಲಿಟ್ರೆ ಸೋಮವಾರ ನಿನ್ನ ಕೈಗೇ ಸಿಗುತ್ತೆ. ಏನ್ಮಾಡ್ಬೇಕು ಅಂತ ನಿನಗೆ ಗೊತ್ತಿರುತ್ತೆ. ನಿನಗೆ ಎಲ್ಲಾ ಗೊತ್ತಲ್ಲ."

"ನಂಬಿಕೆ ಹೋಯ್ತಾ ನಿನಗೆ? ಅದಾದ್ರೂ ಹೇಳು."

ಅವನು ಈಗ ತಲೆಯೆತ್ತಿದ. "ನಂಬಿಕೆ ಹೋಗಿದ್ರೆ ನುಂಗಿಬಿಡ್ತಿದ್ದೆ ಒಡೀಲ್, ಬಿಸ್ಕತ್ತಿನ ಹಂಗೆ. ಆ ವಿಮೆಯವನು ನಂಬಿದ್ನೋ ಇಲ್ವೋ, ಹಿಂದೆ ಕಾಫಿ ಕಾಯಿಸ್ತಾ ನಾನಂತೂ ನಿನ್ನ ಪಾಠ ಪೂರ್ತಿ ನಂಬಿದೆ. ಮನಸ್ಸಲ್ಲಿ ದ್ವೇಷ ಇಟ್ಕೊಂಡು ತಗೊಂಡ್ರೆ ತನ್ನ ಶಿಕ್ಷೇನೇ ತಾನು ತಿಂದ ಹಂಗೆ ಅಂದೆಯಲ್ಲ. ತಿನ್ಲಿಲ್ಲ."

"ಹಂಗಾದ್ರೆ ಬೆಂಚಲ್ಲೇ ಕೂತಿರಬೇಕಿತ್ತು."

"ಎಲ್ಲರನ್ನೂ ಎಬ್ಬಿಸಿ ಕಳಿಸೋನು ತಾನೇ ಕೂತ್ರೆ ಊರು ನೋಡುತ್ತೆ. ಪಾಠ ಹೇಳೋಳ ಗಂಡ ಏನು ಮಾಡ್ಕೊಂಡನಪ್ಪಾ ಅನ್ನುತ್ತೆ. ನಿನಗೆ ಅವಮಾನ ಬೇಡ ಅಂತ ಹೋಗ್ತಿದ್ದೆ."

"ಯಾರ ಮೇಲೆ ಅಂಥಾ ದ್ವೇಷ ನಿನಗೆ?" ಎಂದು ಕೇಳಿದಳು. ಕೇಳುವಾಗಲೇ ಬೇಡವಾಗಿತ್ತು ಅನ್ನಿಸಿತು.

ಅವನು ಚಿಂದಿಯಿಂದ ಹೆಬ್ಬೆರಳನ್ನು ಒರೆಸಿದ, ಹೋಗದೆಂದು ಗೊತ್ತಿದ್ದೂ ಒರೆಸಿದ. "ರೆಮಿ ಅಂಗಿ ಅಲ್ಲ ಕಣೇ" ಎಂದ.

ಮಗನ ಹೆಸರನ್ನು ಆ ಮನೆಯಲ್ಲಿ ಯಾರೂ ಅಷ್ಟು ಜೋರಾಗಿ ಹೇಳುತ್ತಿರಲಿಲ್ಲ. ಕುಡಿದು ದೋಣಿಯಿಂದ ಬಿದ್ದವನನ್ನು ಸೇತುವೆಯ ಕೆಳಗಿನಿಂದ ಎತ್ತಿ ತಂದಿದ್ದರು. ಎಷ್ಟೋ ಕಾಲದಿಂದ ಚರ್ಚಿನ ಮೆಟ್ಟಿಲು ಹತ್ತಿದವನಲ್ಲ. ಶವಪೆಟ್ಟಿಗೆಯ ಸುತ್ತ ಜನ ಜಪಸರ ಹೇಳಿ ಮುಗಿಸಿದಾಗ ಯಾರೋ ಮುದುಕಿ, ಕನಿಕರದಿಂದಲೇ ಇರಬೇಕು, "ಗುರುಗಳು ಸಿಗದೆ, ಪಾಪನಿವೇದನೆ ಮಾಡದೆ ಹೋದನಲ್ಲಮ್ಮಾ, ಇವನ ಗತಿ ಏನು?" ಎಂದಿದ್ದಳು. ಆಗ ತಾನು ನೆಟ್ಟಗೆ ನಿಂತು, ಕೈಯಲ್ಲಿದ್ದ ಕರವಸ್ತ್ರವನ್ನು ಮಡಿಸಿ, ಸಭೆ ಏನನ್ನುತ್ತದೆ ಎಂದು ಬಿಡಿಸಿ ಹೇಳಿದ್ದು ಒಡೀಲ್‌ಗೆ ನೆನಪಿತ್ತು. ಮದುವೆಯ ಊಟ, ಬಾಗಿಲು, ಅಂಗಿ, ಕಲೆ. ಆ ಉದಾಹರಣೆ ಮೊದಲು ಹೊಳೆದದ್ದೇ ಅಲ್ಲಿ. ಎಷ್ಟು ಚೆನ್ನಾಗಿ ಹೇಳಿದಳು, ಎಂಥಾ ಗಟ್ಟಿ ಹೆಂಗಸು ಎಂದು ಜನ ಆಡಿಕೊಂಡದ್ದು ಕಿವಿಗೆ ಬಿದ್ದು, ಆ ಹೊತ್ತಿನಲ್ಲೂ ಒಳಗೆಲ್ಲೋ ಹಿತವಾಗಿತ್ತು. ಪೆಟ್ಟಿಗೆಯ ಆಚೆ ತುದಿಯಲ್ಲಿ ಕ್ಲೋವಿಸ್ ಮಗನ ಅಂಗಿಯ ಕಾಲರನ್ನು ಸರಿಮಾಡುತ್ತಿದ್ದ. ಕಾಲರು ಸರಿಯಾಗಿಯೇ ಇತ್ತು, ಆದರೂ ಮಾಡುತ್ತಿದ್ದ. ಆಮೇಲೆ ಪ್ರತಿ ವರ್ಷ, ಕಾಫಿಯ ಪಾತ್ರೆಯ ಹಿಂದೆ ನಿಂತು, ಅದನ್ನೇ ಮತ್ತೆ ಕೇಳಿದ್ದ. ಈ ವರ್ಷ, ಅಂಗಿಗೆ ನೋವಾಗುತ್ತದೆಯೇ ಎಂದು ಯಾರೋ ಒಬ್ಬ ಕೊನೆಗೂ ಕೇಳಿದ್ದ.

"ಅದು ಬರೀ ಉದಾಹರಣೆ ಕ್ಲೋವಿಸ್. ಜನಕ್ಕೆ ಅರ್ಥ ಆಗ್ಲಿ ಅಂತ..."

"ಜನಕ್ಕೆ ಅರ್ಥ ಆಯ್ತು ಬಿಡು" ಎಂದು ಅವನು ಮೋಟರಿನ ಮೇಲೆ ಬಗ್ಗಿದ. "ಫಾದರ್ ಹತ್ರ ಪಾಪನಿವೇದನೆಗೂ ಹೋದೆ, ಬಾಗಿಲವರೆಗೆ. ಕ್ಷಮಿಸೋ ಮನಸ್ಸಿಲ್ದೆ ಒಳಗೆ ಹೋಗಿ ಏನು ಹೇಳ್ಲಿ? ವಾಪಸ್ ಬಂದೆ."

ಶುಕ್ರವಾರ ಧರ್ಮಕೇಂದ್ರದ ಸಭಾಂಗಣದಲ್ಲಿ ಎಂದಿನಂತೆ ಹುರಿದ ಮೀನಿನ ಊಟ. ಮಾಂಸ ಬಿಟ್ಟ ಊರೆಲ್ಲ ಪೊಟ್ಟಣಕ್ಕಾಗಿ ಸಾಲು ನಿಂತಿತ್ತು. ಗ್ಯಾರೆಟ್ ಹೆಂಡತಿಯನ್ನು ಕಾರಿನಲ್ಲಿ ಬಿಟ್ಟು ತಾನೊಬ್ಬನೇ ಒಳಗೆ ಬಂದಿದ್ದ, ಮೀನು ತಗೊಂಡು ಹೋಗಿಬಿಡುವವನ ಹಾಗೆ. ಅವಳು ಸಾಲಿನ ನಡುವೆ ತೂರಿ ಅವನ ಮುಂದೆ ನಿಂತಳು. ಹಿಂದಿನಿಂದ ಯಾರೋ "ಮಿಸ್ ಒಡೀಲ್, ಪಾಠ ಹೇಳೋರಿಗೆ ಸಾಲು ಇಲ್ವಾ?" ಎಂದರು.

"ನಾನು ನಿಮ್ಮ ಮೇಲೆ ಸುಳ್ಳು ಹೇಳಿದೆ" ಎಂದಳು. ಮೆಲ್ಲಗೆ ಹೇಳಬೇಕೆಂದುಕೊಂಡಿದ್ದದ್ದು ಜೋರಾಗಿ ಬಂತು. ಬಟಾಟೆ ಬಡಿಸುತ್ತಿದ್ದ ವರ್ಲೀಯ ಸೌಟು ನಿಂತಿತು. "ನೀವಲ್ಲ ಅದು. ಫಾದರ್‌ಗೂ ಹೇಳಿದೀನಿ. ನಿಮ್ಮನ್ನ ಈಸ್ಟರಿಗೆ ಸೇರಿಸ್ಕೊಬೇಡಿ ಅಂದೋಳು ನಾನೇ, ಬೇಡ ಅನ್ನೋಕೆ ಕಾರಣ ಇರ್ಲಿಲ್ಲ ಅಂತಾನೂ ಹೇಳಿದೀನಿ."

ಅವನು ಮೇಜಿನ ಮೇಲಿಂದ ತನ್ನ ಪೊಟ್ಟಣ ಎತ್ತಿಕೊಂಡ. "ನಮ್ಮ ಕೆಲಸದಲ್ಲೂ ಹಿಂಗೇ ಮಿಸ್ ಒಡೀಲ್. ಮನೆ ಸುಟ್ಟುಹೋದೋನನ್ನೇ ಮೊದಲು ಅನುಮಾನಿಸ್ತೀವಿ. ಎಷ್ಟು ಜನರ ಮುಖ ನಾನು ನೋಡಿದೀನೋ." ಹೊರಡಲು ತಿರುಗಿದ. "ನನಗೆ ಅವತ್ತು ಕೈ ಚಾಚಬಾರ್ದು ಅಂತ ಗೊತ್ತಿತ್ತು. ಎಲ್ಲರೂ ಚಾಚ್ತಿದ್ರು. ನನ್ನ ಕೈನೂ ಹೋಯ್ತು. ಬೇಕು ಅನ್ನಿಸ್ತು, ಅಷ್ಟೇ." ಭಾನುವಾರ ಬರುತ್ತೀರಾ ಎಂದು ಅವಳು ಕೇಳುವಷ್ಟರಲ್ಲಿ ಅವನು ಬಾಗಿಲು ದಾಟಿದ್ದ.

ಶನಿವಾರ ಪಾಪನಿವೇದನೆಯ ಗೂಡಿನಲ್ಲಿ ಅವಳು ನಿರಪರಾಧಿಯ ಮೇಲೆ ಹೊರಿಸಿದ ಅಪವಾದವನ್ನು ಹೇಳಿಕೊಂಡಳು. ಜಾಲರಿಯ ಆಚೆಯಿಂದ ಫಾದರ್, "ಇನ್ನೇನಾದ್ರೂ ಇದೆಯಾ?" ಎಂದರು. ಅವಳು ಅಂಗಿಯ ಕತೆ ಹೇಳಿದಳು, ಪೆಟ್ಟಿಗೆ, ಮುದುಕಿ, ಕಾಲರು. ಫಾದರ್, "ಅದರಲ್ಲಿ ಪಾಪ ಯಾವುದು ಅಂತ ನನಗೆ ಕಾಣ್ತಿಲ್ಲಮ್ಮ. ನೀವು ಹೇಳಿದ್ದು ಸರಿಯಾದ ಬೋಧನೆಯೇ" ಎಂದರು. ಸರಿಯಾದದ್ದೇ. ಅದಕ್ಕೆ ಕ್ಷಮೆ ಕೇಳಲು ಯಾವ ಗೂಡೂ ಇಲ್ಲ ಎಂಬುದು ಮಂಡಿಯೂರಿದಲ್ಲೇ ಅವಳಿಗೆ ತಣ್ಣಗೆ ಅರಿವಾಯಿತು. ಬಲಿಪೀಠಕ್ಕೆ ಕಾಣಿಕೆ ತಂದವನು ಅದನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕೆಂಬ ಬೈಬಲಿನ ಮಾತನ್ನು ಅವಳು ಎಷ್ಟು ಸಲ ವಿವರಿಸಿರಲಿಲ್ಲ! ಸಿಟ್ಟಿರುವವನಿಗೆ ಹೇಳಿದ ಬುದ್ಧಿಯೆಂದೇ ವಿವರಿಸಿದ್ದಳು. ಆದರೆ ಅದು ಸಿಟ್ಟಿರುವವನಿಗಲ್ಲ, ಯಾರ ಮೇಲೆ ಇನ್ನೊಬ್ಬನಿಗೆ ಸಿಟ್ಟಿದೆಯೋ ಅವನಿಗೆ ಹೇಳಿದ್ದು. ದಾರಿ ನಡೆಯಬೇಕಾದವನು ಅವನು.

ಗರಿಗಳ ಭಾನುವಾರ ಚರ್ಚು ತುಂಬಿತ್ತು. ಎಲ್ಲರ ಕೈಯಲ್ಲೂ ತಾಳೆಯ ಗರಿ, ಅದನ್ನು ಮಡಿಸಿ ಶಿಲುಬೆ ಮಾಡುವ ಮುದುಕಿಯರ ಬೆರಳುಗಳ ಸರಸರ ಸದ್ದು. ಗ್ಯಾರೆಟ್ ಬಂದಿದ್ದ, ಕೊನೆಯ ಬೆಂಚಿನಲ್ಲಲ್ಲ, ನಡುವೆ ಎಲ್ಲೋ, ಹೆಂಡತಿಯ ಪಕ್ಕದಲ್ಲಿ. ಪ್ರಸಾದದ ಹೊತ್ತಿಗೆ ಕ್ಲೋವಿಸ್ ಎಂದಿನಂತೆ ಬೆಂಚು ಬೆಂಚಾಗಿ ಬಂದು, ತಲೆಯಾಡಿಸಿ ಜನರನ್ನು ಸಾಲಿಗೆ ಬಿಟ್ಟ. ಅವಳ ಬೆಂಚಿನ ಬಳಿ ಬಂದು ನಿಂತಾಗ ಅವಳು ಎದ್ದಳು. ನಡುದಾರಿಗೆ ಕಾಲಿಡುವಾಗ ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡಳು, ಇನ್ನೂ ಸೇರದವರಿಗೆ ತಾನೇ ಕಲಿಸಿದ ಹಾಗೆ, ಬೆರಳು ಭುಜ ಮುಟ್ಟುವಂತೆ. ಅವನು ಆ ಕೈಗಳನ್ನು ನೋಡಿದ. ಮುಂದಿನ ಬೆಂಚಿಗೆ ಸರಿದ. ಸಾಲು ಮೆಲ್ಲಗೆ ಸಾಗಿತು. ಎರಡೂ ಕಡೆಯ ಕಣ್ಣುಗಳು ತನ್ನ ಮೊಣಕೈಗಳ ಮೇಲೆ ಬೀಳುವುದು ಅವಳಿಗೆ ಬಟ್ಟೆ ಬಿಚ್ಚಿಕೊಂಡು ನಡೆದಂತೆ ತಿಳಿಯುತ್ತಿತ್ತು. ಫಾದರ್ ತ್ವಾನ್ ಬಿಲ್ಲೆಯನ್ನು ಅರ್ಧ ಎತ್ತಿದವರು ತಡೆದು, ಹಣೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಪಕ್ಕದ ಸಾಲಿನಲ್ಲಿ ಪಾತ್ರೆ ಹಿಡಿದು ನಿಂತಿದ್ದ ವರ್ಲೀ, ಕನ್ನಡಕ ಇಲ್ಲದಿದ್ದರೂ, ಕಂಡುಬಿಟ್ಟಳು. "ಏನೇ ಇದು, ಏನಾಯ್ತೇ ನಿನಗೆ?" ಎಂದು ಅಲ್ಲೇ ಪಿಸುಗುಟ್ಟಿದಳು.

ಒಡೀಲ್ ತನ್ನ ಜಾಗಕ್ಕೆ ಹಿಂತಿರುಗದೆ ಹಾಗೇ ಹಿಂದಕ್ಕೆ ನಡೆದಳು. ಕೊನೆಯ ಬೆಂಚಿನಲ್ಲಿ ಕ್ಲೋವಿಸ್ ಕೂತಿದ್ದ. ಎಲ್ಲರನ್ನೂ ಕಳಿಸಿ, ತಾನು ಹೋಗದೆ, ಇಡೀ ಊರು ನೋಡುವಂತೆ ಕೂತಿದ್ದ. ಅವಳು ಬೆಂಚಿನ ತುದಿಯಲ್ಲಿ ನಿಂತಳು.

"ನಿನಗೇನು ಬಂತು?" ಎಂದ ಅವನು, ಮುಂದೆ ನೋಡುತ್ತಲೇ. "ನೀನು ತಗೋಬಹುದಿತ್ತಲ್ಲ. ನಿನ್ನೆ ನೀನು ಪಾಪನಿವೇದನೆಗೆ ಹೋಗಿ ಬಂದೆ. ನಿನ್ನ ಲೆಕ್ಕದಲ್ಲಿ ಎಲ್ಲಾ ಸರಿ ಇದೆ."

ಅವಳ ಬಾಯಿ ತೆರೆಯಿತು. ಉತ್ತರ ಅಲ್ಲೇ ಇತ್ತು, ಮೊದಲಿನಿಂದ ಕೊನೆಯವರೆಗೆ, ತಕ್ಕ ಉದಾಹರಣೆಯೊಂದಿಗೆ. ಬಾಯಿ ಮುಚ್ಚಿಕೊಂಡಳು.

"ಗೊತ್ತಿಲ್ಲ" ಎಂದಳು.

ಅವನು ತಿರುಗಿ ಅವಳನ್ನು ನೋಡಿದ. ಆಮೇಲೆ ಹಾಡಿನ ಪುಸ್ತಕವನ್ನು ಬೆಂಚಿನಿಂದ ಎತ್ತಿ ಮಡಿಲಲ್ಲಿಟ್ಟುಕೊಂಡು, ಅವಳಿಗೆ ಕೂರಲು ಜಾಗವಾಗುವಷ್ಟು, ಅದಕ್ಕಿಂತ ಒಂದು ಗೇಣೂ ಹೆಚ್ಚಿಲ್ಲದಂತೆ, ಆಚೆ ಸರಿದ.